ಪರರ ಪಾಲನ್ನು ಪರರಿಗೆ ಒಪ್ಪಿಸಿದ ಚರಿತ್ರೆಕಾರ



ವಿದ್ಯೆಗಾಗಿ ಚೀನಾ ದೇಶದವರೆಗಾದರೂ ಹೋಗಬೇಕು ಎಂಬ ಮಾತನ್ನು ಮದ್ರಸದ ಮಕ್ಕಳಿಂದ ಹಿಡಿದು ಮನೆಯ ಹಿರಿಯರವರೆಗೆ ನಾವೆಲ್ಲರೂ ಕೇಳಿದ್ದೇವೆ. ಅದನ್ನು ಪ್ರವಾದಿ(ಸ)ಯವರ ವಚನವೆಂದು ಹೇಳುವ ವರದಿಯ ಸನದು ದುರ್ಬಲ ಎಂದು ಹದೀಸ್ ವಿದ್ವಾಂಸರು ಎಚ್ಚರಿಸಿದ್ದಾರೆ. ಆದ್ದರಿಂದ ಹದೀಸ್ ಎಂದು ಹೇಳುವ ಮುನ್ನ ನಾವು ಜಾಗ್ರತೆ ವಹಿಸಬೇಕು. ಆದರೂ ಆ ಮಾತು ಶತಮಾನಗಳಿಂದ ಮುಸ್ಲಿಮರ ನಾಲಗೆಯ ಮೇಲೆ ಉಳಿದುಬಂದಿದೆ. ಅಂದಿನ ಅರಬರಿಗೆ ಚೀನಾ ಎಂದರೆ ಭೂಮಿಯ ತುದಿ. ಅಷ್ಟು ದೂರದ, ಅಷ್ಟು ಬೇರೆಯಾದ ಜನರ ಬಳಿಯೂ ನಾವು ಕಲಿಯಬೇಕಾದದ್ದು ಇದೆ ಎಂಬ ವಿನಯ ಆ ಮಾತಿನೊಳಗಿದೆ.

ಆ ವಿನಯವನ್ನು ಬದುಕಿಡೀ ನಡೆಸಿ ತೋರಿಸಿದ ಒಬ್ಬ ವಿದ್ವಾಂಸರ ಬಗ್ಗೆ ಈ ತಿಂಗಳು ಬರೆಯುತ್ತಿದ್ದೇನೆ. ಅವರ ಹೆಸರು ಜೋಸೆಫ್ ನೀಡಮ್. ಇಂಗ್ಲೆಂಡಿನವರು, ಧರ್ಮದಿಂದ ಕ್ರೈಸ್ತರು, ರಾಜಕೀಯದಲ್ಲಿ ಎಡಪಂಥೀಯರು. ಅವರ ಬದುಕಿನ ಎಲ್ಲವೂ ನಮಗೆ ಮಾದರಿಯಾಗಬೇಕಿಲ್ಲ. ಆದರೆ ಒಂದು ಜನಾಂಗದ ಸಾಧನೆಯನ್ನು ಜಗತ್ತು ಮರೆತಾಗ, ಆ ಜನಾಂಗಕ್ಕೆ ಸೇರದ ಒಬ್ಬ ವ್ಯಕ್ತಿ ಅದರ ಪರವಾಗಿ ಸಾಕ್ಷಿ ನುಡಿದದ್ದು ಹೇಗೆ ಎಂಬುದನ್ನು ನಾವು ಅವರಿಂದ ತಿಳಿಯಬೇಕಾಗಿದೆ.

ಪ್ರಯೋಗಾಲಯದಲ್ಲಿ ಹುಟ್ಟಿದ ಪ್ರಶ್ನೆ

ನೀಡಮ್ ಹುಟ್ಟಿದ್ದು 1900ರ ಡಿಸೆಂಬರ್ 9ರಂದು, ಲಂಡನ್ನಿನಲ್ಲಿ. ತಂದೆ ವೈದ್ಯರು, ತಾಯಿ ಸಂಗೀತ ರಚಿಸುತ್ತಿದ್ದವರು. ತಂದೆ ತಾಯಿಯರ ನಡುವೆ ಹೊಂದಾಣಿಕೆ ಇರಲಿಲ್ಲ. ಒಬ್ಬನೇ ಮಗನಾದ ಜೋಸೆಫ್ ಇಬ್ಬರ ಜಗಳದ ನಡುವೆ ಪುಸ್ತಕಗಳನ್ನು ಸಂಗಾತಿಯಾಗಿ ಮಾಡಿಕೊಂಡು ಬೆಳೆದರು. 1918ರಲ್ಲಿ ವೈದ್ಯಕೀಯ ಓದುವ ಉದ್ದೇಶದಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕೀಸ್ ಕಾಲೇಜಿಗೆ ಸೇರಿದರು. ಅಲ್ಲಿ ಫ್ರೆಡರಿಕ್ ಹಾಪ್ಕಿನ್ಸ್ ಎಂಬ ಗುರು ಸಿಕ್ಕಿದರು. ವಿಟಮಿನ್‌ಗಳ ಸಂಶೋಧನೆಗಾಗಿ ಮುಂದೆ 1929ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಅವರ ಪ್ರಭಾವದಿಂದ ನೀಡಮ್ ಜೀವರಸಾಯನ ಶಾಸ್ತ್ರದ ಕಡೆಗೆ ತಿರುಗಿದರು.

ಮೊಟ್ಟೆಯೊಳಗಿನ ಭ್ರೂಣ ಯಾವ ರಾಸಾಯನಿಕ ಕ್ರಿಯೆಗಳ ಮೂಲಕ ಬೆಳೆಯುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. 1931ರಲ್ಲಿ ಈ ಬಗ್ಗೆ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥದಲ್ಲೇ ಅವರ ಸ್ವಭಾವ ಕಾಣುತ್ತದೆ. ತಮ್ಮ ಪ್ರಯೋಗಗಳನ್ನು ಹೇಳಿ ಸುಮ್ಮನಾಗದೆ, ಹಿಂದಿನ ಕಾಲದ ಜನರು ಭ್ರೂಣದ ಬಗ್ಗೆ ಏನು ತಿಳಿದಿದ್ದರು ಎಂಬ ದೀರ್ಘ ಚರಿತ್ರೆಯನ್ನೂ ಸೇರಿಸಿದ್ದರು. 1941ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ಸ್ನಾಯುಗಳ ರಸಾಯನ ಶಾಸ್ತ್ರದಲ್ಲಿ ಹೆಸರು ಮಾಡಿದ ಪತ್ನಿ ಡೊರೊತಿ ಅವರಿಗೆ ಕೂಡ 1948ರಲ್ಲಿ ಅದೇ ಗೌರವ ದೊರೆಯಿತು. ನೀಡಮ್ ಹೀಗೆಯೇ ಮುಂದುವರಿದಿದ್ದರೂ ವಿಜ್ಞಾನದ ಚರಿತ್ರೆಯಲ್ಲಿ ಅವರಿಗೆ ಒಳ್ಳೆಯ ಸ್ಥಾನ ಇರುತ್ತಿತ್ತು.

ಆದರೆ 1937ರಲ್ಲಿ ಚೀನಾದಿಂದ ಮೂವರು ಯುವ ವಿಜ್ಞಾನಿಗಳು ಸಂಶೋಧನೆಗಾಗಿ ಕೇಂಬ್ರಿಡ್ಜಿಗೆ ಬಂದರು. ಅದೇ ವರ್ಷ ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಗಿತ್ತು. ಮೂವರಲ್ಲಿ ಒಬ್ಬರು ಲು ಗ್ವೆಯ್ ಜೆನ್ ಎಂಬ ಮಹಿಳೆ. ನಾನ್‌ಜಿಂಗ್ ನಗರದ ಔಷಧಿ ವ್ಯಾಪಾರಿಯೊಬ್ಬರ ಮಗಳು. ಇವರ ಜೊತೆ ಕೆಲಸ ಮಾಡುತ್ತಾ ಹೋದಂತೆ ನೀಡಮ್ ಅವರಿಗೆ ಒಂದು ವಿಷಯ ಹೊಳೆಯಿತು: ಇವರ ಬುದ್ಧಿ ನಡೆಯುವ ರೀತಿಗೂ ತಮ್ಮ ಬುದ್ಧಿ ನಡೆಯುವ ರೀತಿಗೂ ಯಾವ ವ್ಯತ್ಯಾಸವೂ ಇಲ್ಲ. ಹಾಗಿದ್ದರೆ ಆಧುನಿಕ ವಿಜ್ಞಾನ ಯೂರೋಪಿನಲ್ಲಿ ಮಾತ್ರ ಹುಟ್ಟಿದ್ದು ಏಕೆ? ಚೀನಾದಲ್ಲಿ ಏಕೆ ಹುಟ್ಟಲಿಲ್ಲ?

ಚೀನಾದಲ್ಲಿ ಹಿಂದೆ ವಿಜ್ಞಾನವೇ ಇರಲಿಲ್ಲ ಎಂಬುದು ಆಗಿನ ಯೂರೋಪಿನ ವಿದ್ಯಾವಂತರ ಸಾಮಾನ್ಯ ನಂಬಿಕೆ. ಲು ಇದನ್ನು ಒಪ್ಪಲಿಲ್ಲ. ಔಷಧಿ ಅಂಗಡಿಯ ತಂದೆಯಿಂದ ಅವರು ಬೇರೆಯೇ ಪಾಠ ಕಲಿತಿದ್ದರು. ಯಾರ ಮಾತು ಸರಿ ಎಂದು ತಿಳಿಯಬೇಕಾದರೆ ಹಳೆಯ ಚೀನೀ ಗ್ರಂಥಗಳನ್ನು ತಾವೇ ಓದಬೇಕು. 37 ವರ್ಷ ದಾಟಿದ್ದ ನೀಡಮ್ ಲು ಅವರಿಂದಲೇ ಚೀನೀ ಲಿಪಿ ಕಲಿಯಲು ಕುಳಿತರು. ಸಾವಿರಾರು ಚಿಹ್ನೆಗಳಿರುವ ಲಿಪಿ ಅದು. ಬಳಿಕ ಕೇಂಬ್ರಿಡ್ಜಿನ ಚೀನೀ ಭಾಷೆಯ ಪ್ರಾಧ್ಯಾಪಕ ಗುಸ್ತಾವ್ ಹಾಲೂನ್ ಅವರ ಬಳಿ ಪ್ರಾಚೀನ ಗ್ರಂಥಗಳನ್ನು ಅಭ್ಯಾಸ ಮಾಡಿದರು. ವರ್ಷಗಳ ನಂತರ ತಮ್ಮ ಮಹಾಗ್ರಂಥದ ಮೊದಲ ಸಂಪುಟವನ್ನು ಅವರು ಅರ್ಪಿಸಿದ್ದು ಯಾವ ದೊರೆಗೂ ಅಲ್ಲ. ನಾನ್‌ಜಿಂಗ್‌ನ ಆ ಔಷಧಿ ವ್ಯಾಪಾರಿಗೆ, ಲು ಅವರ ತಂದೆಗೆ.

ಯುದ್ಧದ ನಡುವೆ ಪುಸ್ತಕಗಳ ಹುಡುಕಾಟ

ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಜಪಾನಿನ ದಾಳಿಗೆ ಸಿಕ್ಕಿದ ಚೀನಾದ ವಿಶ್ವವಿದ್ಯಾಲಯಗಳು ಪುಸ್ತಕ, ಉಪಕರಣಗಳನ್ನು ಹೊತ್ತುಕೊಂಡು ಪಶ್ಚಿಮದ ಗುಡ್ಡಗಾಡಿಗೆ ವಲಸೆ ಹೋಗಿದ್ದವು. ದೇವಾಲಯಗಳಲ್ಲಿ, ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. ಅವರಿಗೆ ನೆರವಾಗಲು ಬ್ರಿಟಿಷ್ ಸರ್ಕಾರ ಒಬ್ಬ ವಿಜ್ಞಾನಿಯನ್ನು ಕಳುಹಿಸಲು ತೀರ್ಮಾನಿಸಿತು. ಚೀನೀ ಭಾಷೆ ಬಲ್ಲ ವಿಜ್ಞಾನಿ ಬೇರೆ ಯಾರಿದ್ದರು? 1943ರ ಆರಂಭದಲ್ಲಿ ನೀಡಮ್ ಕಲ್ಕತ್ತಾ ದಾರಿಯಾಗಿ ಹಿಮಾಲಯದ ಮೇಲಿನಿಂದ ಹಾರಿ ಚೀನಾ ತಲುಪಿದರು. ಯುದ್ಧಕಾಲದ ರಾಜಧಾನಿ ಚೊಂಗ್‌ಚಿಂಗ್‌ನಲ್ಲಿ ಅವರ ಕಚೇರಿ. ಔಷಧಿ, ರಾಸಾಯನಿಕ, ಸೂಕ್ಷ್ಮದರ್ಶಕ, ವಿಜ್ಞಾನ ಪತ್ರಿಕೆ ಮುಂತಾದವುಗಳನ್ನು ವಿಮಾನದಲ್ಲಿ ತರಿಸಿ ಚೀನೀ ವಿಜ್ಞಾನಿಗಳಿಗೆ ಹಂಚುವುದು ಕೆಲಸ.

ಮೂರು ವರ್ಷಗಳಲ್ಲಿ ಅವರು 11 ದೊಡ್ಡ ಪ್ರಯಾಣಗಳನ್ನು ಮಾಡಿದರು. ಕೆಟ್ಟ ರಸ್ತೆ, ಹಳೆಯ ಲಾರಿ, ಸಿಗದ ಇಂಧನ. ಕಚೇರಿಯ ಕೆಲಸ ಮುಗಿದ ಮೇಲೆ ಹೋದಲ್ಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ: ನಿಮ್ಮ ವಿಷಯದ ಹಳೆಯ ಚೀನೀ ಗ್ರಂಥಗಳು ಯಾವುವು? ಗಣಿತದವರು ಗಣಿತದ ಗ್ರಂಥ ತೋರಿಸಿದರು, ವೈದ್ಯರು ವೈದ್ಯದ್ದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಕಟ್ಟಿ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿರುವ ದುಜಿಯಾಂಗ್‌ಯೆನ್ ನೀರಾವರಿ ವ್ಯವಸ್ಥೆಯನ್ನು ಕಣ್ಣಾರೆ ಕಂಡರು. 1943ರಲ್ಲಿ ಗೋಬಿ ಮರುಭೂಮಿಯ ಅಂಚಿನ ದುನ್‌ಹುವಾಂಗ್ ಗುಹೆಗಳಿಗೆ ಹೋದಾಗ ಲಾರಿ ಕೆಟ್ಟು ವಾರಗಟ್ಟಲೆ ಅಲ್ಲೇ ಉಳಿಯಬೇಕಾಯಿತು. ಅವರಿಗೆ ಅದು ಬೇಸರದ ವಿಷಯವಾಗಲಿಲ್ಲ. ಕ್ರಿಸ್ತಶಕ 868ನೇ ಇಸವಿಯಲ್ಲಿ ಮುದ್ರಿತವಾದ ಬೌದ್ಧ ಗ್ರಂಥದ ಸುರುಳಿ ಸಿಕ್ಕಿದ್ದು ಆ ಗುಹೆಗಳಲ್ಲೇ. ತಾರೀಖು ನಮೂದಿಸಿರುವ ಮುದ್ರಿತ ಪುಸ್ತಕಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು ಅದು. ಜರ್ಮನಿಯ ಗುಟೆನ್‌ಬರ್ಗ್ ಬೈಬಲ್ ಮುದ್ರಿಸುವುದಕ್ಕಿಂತ ಸುಮಾರು 600 ವರ್ಷ ಹಿಂದಿನದು.

ಈ ಪ್ರಯಾಣಗಳಲ್ಲಿ ಅವರಿಗೆ ವಾಂಗ್ ಲಿಂಗ್ ಎಂಬ ಯುವ ಚರಿತ್ರೆಕಾರರ ಪರಿಚಯವಾಯಿತು. ಇವರು ಮುಂದೆ ಕೇಂಬ್ರಿಡ್ಜಿಗೆ ಬಂದು ವರ್ಷಗಟ್ಟಲೆ ಜೊತೆಗೆ ದುಡಿದರು. ಹವಾಮಾನ ವಿಜ್ಞಾನಿ ಜು ಕೆಜೆನ್ ಸಾವಿರಾರು ಅಧ್ಯಾಯಗಳ ಹಳೆಯ ವಿಶ್ವಕೋಶದ ಪ್ರತಿಯನ್ನು ಕಳುಹಿಸಿಕೊಟ್ಟರು. ನೀಡಮ್ ಅವರ ಗ್ರಂಥದ ಹಿಂದೆ ಇಂಥ ಹಲವು ಚೀನೀಯರ ಉಪಕಾರವಿದೆ. ಅದನ್ನು ಅವರು ಮುಚ್ಚಿಡಲಿಲ್ಲ. ಸಹಕರಿಸಿದವರ ಹೆಸರನ್ನು ಸಂಪುಟಗಳ ಮುಖಪುಟದಲ್ಲೇ ಹಾಕಿದರು.

ಒಂದು ಪುಸ್ತಕ ಇಪ್ಪತ್ತಕ್ಕೂ ಹೆಚ್ಚಾದದ್ದು

ಯುದ್ಧ ಮುಗಿದ ಮೇಲೆ 1946ರಿಂದ 1948ರವರೆಗೆ ಯುನೆಸ್ಕೋದ ವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಪ್ಯಾರಿಸ್ಸಿನಲ್ಲಿದ್ದರು. ಆ ಸಂಸ್ಥೆಯ ಹೆಸರಿನಲ್ಲಿ ಶಿಕ್ಷಣ, ಸಂಸ್ಕೃತಿಗಳ ಜೊತೆ ವಿಜ್ಞಾನವೂ ಸೇರಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. 1948ರಲ್ಲಿ ಕೇಂಬ್ರಿಡ್ಜಿಗೆ ಮರಳಿ, ಚೀನಾದ ವಿಜ್ಞಾನ ಮತ್ತು ನಾಗರಿಕತೆಯ ಬಗ್ಗೆ ಒಂದು ಪುಸ್ತಕ ಬರೆಯುವ ಪ್ರಸ್ತಾಪವನ್ನು ವಿಶ್ವವಿದ್ಯಾಲಯದ ಪ್ರಕಾಶನಕ್ಕೆ ಸಲ್ಲಿಸಿದರು. ಒಂದು ಪುಸ್ತಕ ಏಳು ಸಂಪುಟಗಳ ಯೋಜನೆಯಾಯಿತು. 1954ರಲ್ಲಿ ಮೊದಲನೆಯದು ಹೊರಬಂತು. ಬಳಿಕ ಒಂದೊಂದು ಸಂಪುಟವೂ ಹಲವು ಭಾಗಗಳಾಗಿ ಒಡೆಯಿತು. ಇಂದು ಆ ಮಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೃಹತ್ ಗ್ರಂಥಗಳಿವೆ.

ಆ ಗ್ರಂಥಗಳಲ್ಲಿ ಏನಿದೆ? ಒಂದು ಉದಾಹರಣೆ ನೋಡೋಣ. 1620ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್, ಮುದ್ರಣ, ಸಿಡಿಮದ್ದು ಮತ್ತು ದಿಕ್ಸೂಚಿ ಈ ಮೂರೂ ಜಗತ್ತನ್ನೇ ಬದಲಿಸಿದವು, ಆದರೆ ಇವುಗಳ ಮೂಲ ತಿಳಿದಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದರು. ನೀಡಮ್ ಮತ್ತು ಅವರ ಸಂಗಡಿಗರು ಮೂರಕ್ಕೂ ಚೀನಾದಲ್ಲಿ ದಾಖಲೆ ತೋರಿಸಿದರು. ಸಿಡಿಮದ್ದಿನ ಮಿಶ್ರಣದ ವಿವರ 1044ರ ಚೀನೀ ಸೈನಿಕ ಗ್ರಂಥದಲ್ಲಿದೆ. ಯೂರೋಪಿನಲ್ಲಿ ಅದರ ಸುಳಿವು ಕಾಣುವುದು 13ನೇ ಶತಮಾನದಲ್ಲಿ. ಅಯಸ್ಕಾಂತದ ಸೂಜಿ ದಿಕ್ಕು ತೋರಿಸುವುದನ್ನು ಶೆನ್ ಕುವೊ ಎಂಬ ವಿದ್ವಾಂಸರು ಸುಮಾರು 1088ರಲ್ಲಿ ವರ್ಣಿಸಿದ್ದಾರೆ. ಅದು ಸರಿಯಾಗಿ ದಕ್ಷಿಣಕ್ಕೆ ನಿಲ್ಲದೆ ಸ್ವಲ್ಪ ಪೂರ್ವಕ್ಕೆ ವಾಲುತ್ತದೆ ಎಂಬುದನ್ನೂ ಗಮನಿಸಿದ್ದಾರೆ. ಯೂರೋಪಿನ ಮೊದಲ ಉಲ್ಲೇಖ ಬರುವುದು ಅದಾಗಿ ನೂರು ವರ್ಷಗಳ ಮೇಲೆ. ಜೇಡಿಮಣ್ಣಿನ ಬಿಡಿ ಅಚ್ಚುಗಳಿಂದ ಮುದ್ರಿಸಿದ ಬಿ ಶೆಂಗ್ ಎಂಬ ಸಾಮಾನ್ಯ ಕುಶಲಕರ್ಮಿಯ ಹೆಸರನ್ನು ಉಳಿಸಿದ್ದು ಕೂಡ ಇದೇ ಶೆನ್ ಕುವೊ.

ಮತ್ತೊಂದು ಉದಾಹರಣೆ ಗಡಿಯಾರ. 1088ರಿಂದ 1094ರ ನಡುವೆ ಸು ಸೊಂಗ್ ಎಂಬ ಅಧಿಕಾರಿ ಕೈಫೆಂಗ್ ನಗರದಲ್ಲಿ ನೀರಿನ ಬಲದಿಂದ ನಡೆಯುವ ದೊಡ್ಡ ಗಡಿಯಾರ ಗೋಪುರವನ್ನು ಕಟ್ಟಿಸಿದ್ದರು. ಚಕ್ರವನ್ನು ತಡೆದು ತಡೆದು ಬಿಡುವ ಸಾಧನ ಅದರಲ್ಲಿತ್ತು. ಗೋಪುರ ಅಳಿದುಹೋಯಿತು, ಅದರ ಚಿತ್ರಗಳಿದ್ದ ಪುಸ್ತಕ ಉಳಿಯಿತು. ಅದನ್ನು ಸಾಲು ಸಾಲಾಗಿ ಓದಿ, ಯಂತ್ರ ಹೇಗೆ ನಡೆಯುತ್ತಿತ್ತು ಎಂದು ಬಿಡಿಸಿ ನೀಡಮ್ ಮತ್ತು ಸಂಗಡಿಗರು 1960ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದರು.

ನೀಡಮ್ ಅವರ ಕ್ರಮವನ್ನು ಗಮನಿಸಬೇಕು. ಇದು ಚೀನಾದ್ದು ಎಂದು ಸುಮ್ಮನೆ ಹೇಳಿಬಿಡುವವರಲ್ಲ. ಮೊದಲು ಯಾವ ಗ್ರಂಥದಲ್ಲಿ ಬಂದಿದೆ, ಆ ಗ್ರಂಥದ ಕಾಲ ಯಾವುದು, ಚಿತ್ರವಿದೆಯೇ, ಮಣ್ಣಿನಡಿಯಿಂದ ವಸ್ತು ಸಿಕ್ಕಿದೆಯೇ, ಅದೇ ಕಾಲದಲ್ಲಿ ಅರಬರಲ್ಲಿ, ಭಾರತದಲ್ಲಿ, ಯೂರೋಪಿನಲ್ಲಿ ಏನಿತ್ತು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದಾರಿ ಯಾವುದಿತ್ತು ಎಂದು ಒಂದೊಂದನ್ನೂ ವಿಚಾರಿಸುತ್ತಾರೆ.

ನಡುವೆ ನಿಂತಿದ್ದ ಮುಸ್ಲಿಮ್ ಜಗತ್ತು

ಆ ದಾರಿಯ ವಿಚಾರ ಬಂದಾಗ ಮುಸ್ಲಿಮ್ ಜಗತ್ತು ಎದುರಾಗಲೇಬೇಕು. ಚೀನಾಕ್ಕೂ ಯೂರೋಪಿಗೂ ನಡುವೆ ಇದ್ದದ್ದು ಅದೇ. 751ರಲ್ಲಿ ಮಧ್ಯ ಏಷ್ಯಾದ ತಲಾಸ್ ನದಿಯ ಬಳಿ ಅಬ್ಬಾಸಿಯಾ ಸೈನ್ಯಕ್ಕೂ ಚೀನೀ ಸೈನ್ಯಕ್ಕೂ ಯುದ್ಧವಾಯಿತು. ಅಲ್ಲಿ ಸೆರೆಸಿಕ್ಕ ಚೀನೀಯರಿಂದ ಸಮರ್‌ಕಂದ್‌ನಲ್ಲಿ ಕಾಗದದ ಕೆಲಸ ಶುರುವಾಯಿತೆಂದು ಹಳೆಯ ಅರಬಿ ಲೇಖಕರು ಹೇಳುತ್ತಾರೆ. ಅದೇ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದ ತಯಾರಾಗುತ್ತಿತ್ತು. ನಮ್ಮ ಇಮಾಮರ ಗ್ರಂಥಗಳು ಊರೂರಿಗೆ ಹರಡಿದ್ದರ ಹಿಂದೆ ಚೀನೀ ಕುಶಲಕರ್ಮಿಗಳ ಈ ವಿದ್ಯೆ ಇದೆ.

ನೀಡಮ್ ತಮ್ಮ ಮೊದಲ ಸಂಪುಟದಲ್ಲಿ ಇಬ್ನುನ್ನದೀಮ್ ಅವರ ಅಲ್ ಫಿಹ್ರಿಸ್ತ್ ಗ್ರಂಥದಿಂದ ಒಂದು ಪ್ರಸಂಗವನ್ನು ಎತ್ತಿ ಹೇಳುತ್ತಾರೆ. ಪ್ರಸಿದ್ಧ ವೈದ್ಯ ಅಬೂಬಕರ್ ಅರ್ರಾಝಿ ಅವರ ಬಳಿಗೆ ಒಬ್ಬ ಚೀನೀ ವಿದ್ವಾಂಸ ಬಂದು ಸುಮಾರು ಒಂದು ವರ್ಷ ಉಳಿದ. ಐದು ತಿಂಗಳಲ್ಲಿ ಅರಬಿ ಭಾಷೆಯನ್ನು ಮಾತನಾಡಲೂ ಬರೆಯಲೂ ಕಲಿತ. ಊರಿಗೆ ಮರಳುವ ಒಂದು ತಿಂಗಳ ಮೊದಲು, ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಓದಿ ಹೇಳಿ ಎಂದು ಕೇಳಿದ. ಓದುವವರ ವೇಗಕ್ಕಿಂತ ಬೇಗ ಚೀನೀ ಶೀಘ್ರಲಿಪಿಯಲ್ಲಿ ಬರೆದುಕೊಂಡ. ಗ್ರೀಕರ ಗ್ರಂಥ, ಅರಬಿ ಭಾಷೆಯಲ್ಲಿ, ಮುಸ್ಲಿಮ್ ವೈದ್ಯರ ಮನೆಯಲ್ಲಿ, ಬರೆದುಕೊಂಡವನು ಚೀನೀಯ! ಜ್ಞಾನಕ್ಕೆ ಗಡಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ. 1267ರಲ್ಲಿ ಜಮಾಲುದ್ದೀನ್ ಎಂಬ ಖಗೋಳ ವಿದ್ವಾಂಸರು ಪರ್ಷಿಯಾದ ಕಡೆಯಿಂದ ಕುಬ್ಲಾಯ್ ಖಾನನ ಆಸ್ಥಾನಕ್ಕೆ ಏಳು ಬಗೆಯ ಖಗೋಳ ಉಪಕರಣಗಳನ್ನು ಪರಿಚಯಿಸಿದರು. ಬಳಿಕ ಚೀನಾದಲ್ಲಿ ಮುಸ್ಲಿಮ್ ಖಗೋಳಜ್ಞರದೇ ಪ್ರತ್ಯೇಕ ಇಲಾಖೆ ಇತ್ತು. 1405ರಿಂದ 1433ರವರೆಗೆ ಚೀನಾದ ದೊಡ್ಡ ನೌಕಾಪಡೆಯನ್ನು ನಮ್ಮ ಪಕ್ಕದ ಕಲ್ಲಿಕೋಟೆಗೂ ಆಫ್ರಿಕಾದ ಕರಾವಳಿಗೂ ನಡೆಸಿದ ಜೆಂಗ್ ಹೆ ಯುನ್ನಾನ್ ಪ್ರಾಂತ್ಯದ ಮುಸ್ಲಿಮ್ ಮನೆತನದಲ್ಲಿ ಹುಟ್ಟಿದವರು. ಅವರ ಹಡಗುಗಳ ಬಗ್ಗೆ ನೀಡಮ್ 1971ರ ಸಂಪುಟದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಇಲ್ಲಿ ಒಂದು ಪದವನ್ನು ನೆನಪಿಡೋಣ. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು 13ನೇ ಶತಮಾನದ ಅರಬಿ ಗ್ರಂಥಗಳು ಸಲ್ಜುಸ್ಸೀನ್, ಅಂದರೆ ಚೀನಾದ ಹಿಮ ಎಂದು ಕರೆದಿವೆ. ಎಲ್ಲಿಂದ ಬಂತೋ ಆ ಊರಿನ ಹೆಸರನ್ನು ಅಳಿಸದೆ ಇಟ್ಟುಕೊಂಡರು. ಆ ಒಂದು ಪದವೇ ನೀಡಮ್ ಅವರಂಥ ಚರಿತ್ರೆಕಾರರಿಗೆ ಸಾಕ್ಷ್ಯವಾಯಿತು.

ಪ್ರೀತಿ ಪರಿಶೀಲನೆಯನ್ನು ಮರೆಸಿದಾಗ

ಇಷ್ಟೆಲ್ಲ ಎಚ್ಚರದ ಮನುಷ್ಯ ಒಮ್ಮೆ ಎಡವಿದರು. ಅದನ್ನು ಬಿಟ್ಟು ಅವರ ಕಥೆ ಹೇಳಿದರೆ ಚರಿತ್ರೆಗೆ ನ್ಯಾಯ ಮಾಡಿದಂತಾಗದು. ಕೊರಿಯಾ ಯುದ್ಧದ ಸಮಯದಲ್ಲಿ, ಅಮೆರಿಕವು ರೋಗಾಣುಗಳನ್ನು ಅಂಟಿಸಿದ ಕೀಟಗಳನ್ನು ವಿಮಾನದಿಂದ ಚೆಲ್ಲುತ್ತಿದೆ ಎಂದು ಚೀನಾ ಮತ್ತು ಉತ್ತರ ಕೊರಿಯಾ ಆರೋಪಿಸಿದವು. ಅಮೆರಿಕ ನಿರಾಕರಿಸಿತು. 1952ರಲ್ಲಿ ಇದನ್ನು ವಿಚಾರಿಸಲು ಹೋದ ಅಂತಾರಾಷ್ಟ್ರೀಯ ಆಯೋಗದಲ್ಲಿ ನೀಡಮ್ ಇದ್ದರು. ಆರೋಪ ನಿಜ ಎಂದು ಆಯೋಗ ವರದಿ ಕೊಟ್ಟಿತು. ಆದರೆ ಅದು ಬಹುಮಟ್ಟಿಗೆ ನಿಂತಿದ್ದು ಚೀನೀ ಅಧಿಕಾರಿಗಳು ಒದಗಿಸಿದ ವಸ್ತುಗಳ ಮೇಲೆ ಮತ್ತು ಚೀನೀ ವಿಜ್ಞಾನಿಗಳ ಮಾತಿನ ಮೇಲೆ. ಯುದ್ಧಕಾಲದಲ್ಲಿ ಕಂಡ ಆ ವಿಜ್ಞಾನಿಗಳು ಸುಳ್ಳು ಹೇಳಲಾರರು ಎಂಬುದು ನೀಡಮ್ ಅವರ ನಂಬಿಕೆ.

ಅದರ ಬೆಲೆ ದೊಡ್ಡದಾಗಿತ್ತು. ಸ್ವದೇಶದಲ್ಲೇ ಟೀಕೆ, ಅವಮಾನ ಎದುರಾದವು. 1970ರ ದಶಕದವರೆಗೂ ಅಮೆರಿಕ ಅವರಿಗೆ ಪ್ರವೇಶ ಕೊಡಲಿಲ್ಲ. ಸೋವಿಯತ್ ಕಡತಗಳಿಂದ ನಕಲು ಮಾಡಿದ್ದೆಂದು ಹೇಳಲಾದ ಕೆಲವು ದಾಖಲೆಗಳು 1998ರಲ್ಲಿ ಪ್ರಕಟವಾದವು. ಆ ಆರೋಪಕ್ಕೆ ಬೇಕಾದ ಸಾಕ್ಷ್ಯವನ್ನು ಸೃಷ್ಟಿಸಲಾಗಿತ್ತು ಎಂದು ಅವು ಹೇಳುತ್ತವೆ. ಈ ಬಗ್ಗೆ ವಾದ ಪೂರ್ತಿ ನಿಂತಿಲ್ಲವಾದರೂ, ನೀಡಮ್ ಆಗ ಸಾಕಷ್ಟು ಪರಿಶೀಲಿಸದೆ ಸಹಿ ಹಾಕಿದರು ಎಂದು ಹೆಚ್ಚಿನ ಚರಿತ್ರೆಕಾರರು ಒಪ್ಪುತ್ತಾರೆ. ಸು ಸೊಂಗ್‌ನ ಗಡಿಯಾರದ ಒಂದೊಂದು ಹಲ್ಲನ್ನೂ ಎಣಿಸಿ ನೋಡುವವರು, ತಾನು ಪ್ರೀತಿಸುವ ಜನರ ಮಾತು ಬಂದಾಗ ಎಣಿಸಲಿಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಆ ನಿಯಮ ಶತ್ರುವಿನ ಸುದ್ದಿಗೆ ಮಾತ್ರವಲ್ಲ, ಮಿತ್ರನ ಸುದ್ದಿಗೂ ಅನ್ವಯಿಸುತ್ತದೆ.

ನೀಡಮ್ ಮತ್ತೆ ತಮ್ಮ ಮೇಜಿಗೆ ಮರಳಿದರು. ಎರಡು ವರ್ಷಗಳಲ್ಲಿ ಮೊದಲ ಸಂಪುಟ ಬಂದಾಗ ಅವರನ್ನು ಟೀಕಿಸಿದವರೂ ಅದರ ಮೌಲ್ಯವನ್ನು ಒಪ್ಪಬೇಕಾಯಿತು. 1966ರಲ್ಲಿ ಅವರು ಓದಿದ ಕೀಸ್ ಕಾಲೇಜೇ ಅವರನ್ನು ತನ್ನ ಮುಖ್ಯಸ್ಥರನ್ನಾಗಿ ಆರಿಸಿತು.

ಇನ್ನು ಅವರ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಚೀನಾದಲ್ಲಿ ಅಧಿಕಾರವೆಲ್ಲ ಪರೀಕ್ಷೆ ಬರೆದು ಬಂದ ಅಧಿಕಾರಿ ವರ್ಗದ ಕೈಯಲ್ಲಿತ್ತು, ವ್ಯಾಪಾರಿಗಳು ಮೇಲೆ ಬರಲಾಗಲಿಲ್ಲ, ಯೂರೋಪಿನಲ್ಲಿ ಬಂದರು, ವಿಜ್ಞಾನದ ದಿಕ್ಕು ಅಲ್ಲಿ ಬದಲಾಯಿತು ಎಂಬುದು ಸ್ಥೂಲವಾಗಿ ಅವರ ಉತ್ತರ. ಎಲ್ಲರೂ ಅದನ್ನು ಒಪ್ಪಿಲ್ಲ. ಅಮೆರಿಕದ ಚೀನಾ ತಜ್ಞ ನೇಥನ್ ಸಿವಿನ್ ಪ್ರಶ್ನೆಯನ್ನೇ ಪ್ರಶ್ನಿಸಿದರು: ಯೂರೋಪಿನಲ್ಲಿ ಆದದ್ದು ಚೀನಾದಲ್ಲಿ ಏಕೆ ಆಗಲಿಲ್ಲ ಎಂದು ಕೇಳುವುದೇ ಯೂರೋಪನ್ನು ಅಳತೆಗೋಲು ಮಾಡಿದಂತಲ್ಲವೇ? ಈ ಸಿವಿನ್ ನೀಡಮ್ ಅವರ ಜೊತೆ ಗ್ರಂಥದಲ್ಲಿ ಕೆಲಸ ಮಾಡಿದವರೇ. ತಮ್ಮನ್ನು ಒಪ್ಪದವರನ್ನೂ ಜೊತೆಗಿಟ್ಟುಕೊಂಡು ನಡೆದದ್ದು ನೀಡಮ್ ಅವರ ದೊಡ್ಡತನ.

ಪತ್ನಿ ಡೊರೊತಿ 1987ರಲ್ಲಿ ತೀರಿಕೊಂಡರು. ಐವತ್ತು ವರ್ಷ ಜೊತೆಗೆ ದುಡಿದ ಲು ಅವರನ್ನು ನೀಡಮ್ 1989ರಲ್ಲಿ ವಿವಾಹವಾದರು. 1991ರಲ್ಲಿ ಲು ಕೂಡ ಅಗಲಿದರು. ಕೇಂಬ್ರಿಡ್ಜಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಎದ್ದು ನಿಂತಿತ್ತು. ನೀಡಮ್ ಗಾಲಿಕುರ್ಚಿಯಲ್ಲಿ ಕುಳಿತೇ ಅಲ್ಲಿಗೆ ಬಂದು ಕೆಲಸ ಮಾಡುತ್ತಿದ್ದರು. 1995ರ ಮಾರ್ಚ್ 24ರಂದು, 94ನೇ ವಯಸ್ಸಿನಲ್ಲಿ ನಿಧನರಾದರು. ಗ್ರಂಥ ಇನ್ನೂ ಮುಗಿದಿರಲಿಲ್ಲ. ಶಿಷ್ಯರು ಮುಂದುವರಿಸಿದರು.

ನಮಗೆ ಇದರಲ್ಲಿ ಏನಿದೆ?

ಸಹೋದರ ಸಹೋದರಿಯರೇ, ಇಂದು ನಮ್ಮ ಮೊಬೈಲುಗಳಿಗೆ ಬರುವ ಸಂದೇಶಗಳನ್ನು ನೋಡಿ. ವಿಮಾನದಿಂದ ಹಿಡಿದು ಕಾಫಿಯವರೆಗೆ ಎಲ್ಲವನ್ನೂ ಕಂಡುಹಿಡಿದವರು ಮುಸ್ಲಿಮರೇ ಎಂದು ಒಂದು ಸಂದೇಶ. ಮುಸ್ಲಿಮರು ಜಗತ್ತಿಗೆ ಏನನ್ನೂ ಕೊಟ್ಟಿಲ್ಲ ಎಂದು ಇನ್ನೊಂದು. ಮೊದಲನೆಯದನ್ನು ನಾವು ಖುಷಿಯಿಂದ ಹತ್ತು ಜನರಿಗೆ ಕಳುಹಿಸುತ್ತೇವೆ, ಎರಡನೆಯದಕ್ಕೆ ಕೋಪಿಸಿಕೊಳ್ಳುತ್ತೇವೆ. ಎರಡನ್ನೂ ಬರೆದವರು ಒಂದು ಪುಸ್ತಕವನ್ನಾದರೂ ತೆರೆದು ನೋಡಿದ್ದಾರೆಯೇ ಎಂದು ಕೇಳುವುದಿಲ್ಲ.

ನಮ್ಮ ಹಿರಿಯರು ಹೀಗಿರಲಿಲ್ಲ. ಅಲ್ ಖ್ವಾರಿಝ್ಮಿ ಅಂಕಿಗಳ ಲೆಕ್ಕಾಚಾರದ ಪುಸ್ತಕ ಬರೆದಾಗ ಅದು ಭಾರತೀಯರ ಲೆಕ್ಕ ಎಂದೇ ಹೇಳಿದರು. ಅಲ್ ಬೀರೂನಿ ನಡುವಯಸ್ಸಿನಲ್ಲಿ ಸಂಸ್ಕೃತ ಕಲಿತು, ಪಂಡಿತರನ್ನು ಕೇಳಿ, ಗ್ರಂಥಗಳನ್ನು ಓದಿ, ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದರು. ನೀಡಮ್ ಚೀನಾಕ್ಕೆ ಮಾಡಿದ್ದನ್ನು ಅಲ್ ಬೀರೂನಿ ಒಂಬತ್ತು ಶತಮಾನಗಳ ಹಿಂದೆ ಭಾರತಕ್ಕೆ ಮಾಡಿದ್ದರು. ಪಡೆದದ್ದನ್ನು ಪಡೆದದ್ದು ಎಂದು ಹೇಳುವುದು ಅವರಿಗೆ ಅಮಾನತ್ತಿನ ವಿಷಯವಾಗಿತ್ತು. ಕೊಟ್ಟವರ ಹೆಸರು ಹೇಳಿದ್ದರಿಂದ ಅವರ ಗೌರವ ಕಡಿಮೆಯಾಗಲಿಲ್ಲ.

ನಮ್ಮ ಸಾಧನೆಗಳು ಮರೆತುಹೋಗಿವೆ ಎಂದು ನಮಗೆ ನೋವಿದ್ದರೆ ಅದಕ್ಕೆ ಮದ್ದು ಇರುವುದು ಗ್ರಂಥಾಲಯದಲ್ಲಿ. ನಮ್ಮ ಮನೆಗಳಲ್ಲಿ ಚರಿತ್ರೆ ಓದುವ ಮಗನೋ ಮಗಳೋ ಇದ್ದರೆ, ಅದರಿಂದ ಕೆಲಸ ಸಿಗುವುದೇ ಎಂದು ಕೇಳಿ ಅವರ ಉತ್ಸಾಹ ಕುಗ್ಗಿಸಬೇಡಿ. ಅರಬಿ, ಪಾರ್ಸಿ, ಹಳಗನ್ನಡ, ಸಂಸ್ಕೃತ, ಯಾವುದಾದರೂ ಒಂದು ಹಳೆಯ ಭಾಷೆಯನ್ನು ಕಲಿಯಲು ಅವರಿಗೆ ನೆರವಾಗಿ. ವಯಸ್ಸು ಮೀರಿತು ಎನ್ನುವ ನಮ್ಮಂಥವರಿಗೆ 37ರಲ್ಲಿ ಅಕ್ಷರಾಭ್ಯಾಸ ಶುರು ಮಾಡಿದವರ ಉದಾಹರಣೆ ಇದೆ. ಮುಂದಿನ ಸಲ ಇಂಥ ಸಂದೇಶ ಬಂದಾಗ, ಅದು ನಮ್ಮನ್ನು ಹೊಗಳುವಂಥದ್ದೇ ಆಗಿರಲಿ, ಕಳುಹಿಸುವ ಮೊದಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದಕ್ಕೆ ದಾಖಲೆ ಎಲ್ಲಿದೆ ಎಂದು ಒಂದು ಪ್ರಶ್ನೆ ಕೇಳೋಣ.